ಪದಚರ್ಚೆ: ಜೇಡ ‘ಪೊರೆ ಬಿಡುತ್ತದೆ’ ಎನ್ನೋಣವೋ, ‘ಜ್ವರಕ್ಕೆ ಕೂರುತ್ತದೆ’ ಎನ್ನೋಣವೋ?

ಎಲ್ಲರಿಗೂ ನಮಸ್ಕಾರ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಒಂದು ಪುಟದ ಚೀಟಿ ಬರೆಯಬೇಕಾಗಿದೆ. ಎರಡು ವಾರದಿಂದ ಬರೆದು ಹೊಡೆದು ಹಾಕುತ್ತಿದ್ದೇನೆ. ಮೂರು ನಾಲ್ಕು ಪದಗಳು ದಾರಿಗೆ ಬರುತ್ತಿಲ್ಲ, ಮುಖ್ಯವಾಗಿ ಜೇಡ ಮೈಯ ಕವಚ ಕಳಚುವುದಕ್ಕೆ ಏನೆನ್ನಬೇಕೆಂಬುದು. ಅದಕ್ಕಾಗಿ ನಿಮ್ಮನ್ನು ಕೇಳುತ್ತಿದ್ದೇನೆ.

ಸಂದರ್ಭ ಹೀಗಿದೆ. ಹದಿನಾಲ್ಕು ವರ್ಷದ ಮಗಳು ಮೂರು ವರ್ಷ ಬೆನ್ನು ಬಿಡದೆ ಕಾಡಿ ನನ್ನನ್ನು ಒಪ್ಪಿಸಿದ್ದಾಳೆ. ಮನೆಗೆ ಟಾರಂಟುಲಾ ಎಂಬ ದೊಡ್ಡ ರೋಮದ ಜೇಡ ಬರುತ್ತಿದೆ. ನಾವಿರುವುದು ಇಂಗ್ಲೆಂಡಿನಲ್ಲಿ. ಸಾಕಿದವರ ಮನೆಯಲ್ಲೇ ಮೊಟ್ಟೆಯೊಡೆದು ಬೆಳೆದ ಮರಿಗಳು ಇಲ್ಲಿ ಸಿಗುತ್ತವೆ. ನಾವು ಆರಿಸಿಕೊಂಡದ್ದು ಮಧ್ಯ ಅಮೆರಿಕದ ಗುಂಗುರು ಕೂದಲಿನ ಜಾತಿ, ಟ್ಲಿಲ್ಟೊಕಾಟ್ಲ್ ಆಲ್ಬೊಪಿಲೋಸಸ್. ನಿಧಾನದ ಪ್ರಾಣಿ, ಸಾಮಾನ್ಯವಾಗಿ ಸಾಧು, ಹೊಸಬರ ತಪ್ಪುಗಳನ್ನು ತಡೆದುಕೊಳ್ಳುತ್ತದೆ ಎಂದು ಅನುಭವಸ್ಥರು ಹೇಳುತ್ತಾರೆ. ಬರುವ ಮರಿ ಈಗ ಕಾಲು ಚಾಚಿದರೆ 6 ಸೆಂ.ಮೀ., ಬೆಳೆದ ಮೇಲೆ ಅಂಗೈ ತುಂಬುತ್ತದೆ. ಹೆಣ್ಣಾದರೆ 20 ವರ್ಷ ಬದುಕೀತಂತೆ. ಅಂದರೆ ಮಗಳು ಓದಲು ಹೊರಟು ಹೋದ ಮೇಲೆ ಅದು ನನ್ನ ಪಾಲಿಗೆ. ಸ್ನಾನದ ಮನೆಯ ಮೂಲೆಯಲ್ಲಿ ಕಡಲೆಕಾಳಿನಷ್ಟು ಜೇಡ ಕಂಡರೂ ಹೆಂಡತಿಯನ್ನು ಕೂಗುವವನು ನಾನು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನವೆಂಬರಿನಲ್ಲಿ ಅಮ್ಮ ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಿಂದ ಆರು ತಿಂಗಳಿಗೆ ಬರುತ್ತಿದ್ದಾಳೆ. ನಾವು ಮೂವರೂ ಹೊರಗೆ ಹೋದ ಮೇಲೆ ಹಗಲಿಡೀ ಮನೆಯಲ್ಲಿರುವವರು ಅವಳು ಮತ್ತು ಜೇಡ. ಅಮ್ಮನಿಗೆ ಓದಲು ಬರುವುದು ಕನ್ನಡ ಒಂದೇ. ಅದಕ್ಕೇ ಈ ಚೀಟಿ.

ಮೊದಲು ಹೆಸರು. ಇದರ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಟಾರಂಟುಲಾ ಎಂಬ ಹೆಸರೇ ಎರವಲು ಬಂದದ್ದು. ದಕ್ಷಿಣ ಇಟಲಿಯ ಟಾರಂಟೊ ಎಂಬ ಊರಿನ ಹೆಸರಿನಿಂದ ಅಲ್ಲಿನ ಒಂದು ತೋಳಜೇಡವನ್ನು ಹಾಗೆ ಕರೆದರು. ಅದು ಕಚ್ಚಿದರೆ ಕುಣಿದೇ ವಿಷ ಇಳಿಸಬೇಕೆಂಬ ನಂಬಿಕೆ ಇತ್ತು, ಟಾರಂಟೆಲ್ಲಾ ಕುಣಿತಕ್ಕೂ ಆ ಹೆಸರು ಅಂಟಿತು. ಮುಂದೆ ಅಮೆರಿಕಕ್ಕೆ ಹೋದ ಯುರೋಪಿನವರು ಅಲ್ಲಿ ಕಂಡ ದೊಡ್ಡ ರೋಮದ ಜೇಡಗಳಿಗೆಲ್ಲ ಅದೇ ಹೆಸರು ಹಚ್ಚಿದರು. ಈಗ ಆ ಹೆಸರು ಉಳಿದಿರುವುದು ಇವುಗಳಿಗೆ. ಹೀಗಿರುವಾಗ ‘ದೈತ್ಯಜೇಡ’, ‘ರೋಮಜೇಡ’ ಎಂದು ನಾವು ಹೊಸದು ಟಂಕಿಸುವುದಕ್ಕಿಂತ ಅಮ್ಮ ಹೇಳುವ ‘ಜೇಡರ ಹುಳು’ ಸಾಕೆನಿಸುತ್ತದೆ. ‘ಹುಳು ಎಂದರೆ ಕೀಟ, ಕೀಟಕ್ಕೆ ಆರು ಕಾಲು’ ಎಂದು ಮಗಳು ಜಗಳಕ್ಕೆ ಬಂದಳು. ಕೀಟಕ್ಕೆ ಆರು ಕಾಲಿರಲಿ, ಕನ್ನಡದ ಹುಳು ಕಾಲು ಎಣಿಸುವುದಿಲ್ಲ, ಕಾಲೇ ಇಲ್ಲದ ಎರೆಹುಳುವೂ ಹುಳುವೇ ಎಂದು ಸಮಾಧಾನ ಹೇಳಿದೆ. ಜೇಡ ಎಂಬುದು ನೇಯುವವನ ಹೆಸರೂ ಹೌದು, ಜೇಡರ ದಾಸಿಮಯ್ಯ ಇದ್ದಾನಲ್ಲ. ಸಂಸ್ಕೃತದ ಊರ್ಣನಾಭ ಹೊಕ್ಕುಳಲ್ಲಿ ಉಣ್ಣೆ ಇಟ್ಟುಕೊಂಡದ್ದು. ನೂಲು ಬರುವುದು ಹೊಟ್ಟೆಯ ತುದಿಯಿಂದ, ಆದ್ದರಿಂದ ಆ ಕವಿಯ ಅಂದಾಜು ತೀರಾ ತಪ್ಪೇನಲ್ಲ.

ತೊಡಕಿರುವುದು ಮುಂದಿನ ಪದದಲ್ಲಿ.

ಜೇಡಕ್ಕೆ ಮೂಳೆಯಿಲ್ಲ. ಮೈಯ ಹೊರಗಿನ ಗಟ್ಟಿ ಕವಚವೇ ಅದರ ಆಧಾರ. ಬೆಳೆಯಬೇಕೆಂದರೆ ಆ ಕವಚವನ್ನು ಕಳಚಿ ಹೊರಬರಬೇಕು. ಮರಿಗಳು ಕೆಲವು ತಿಂಗಳಿಗೊಮ್ಮೆ, ಬೆಳೆದ ಹೆಣ್ಣುಗಳು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೀಗೆ ಮಾಡುತ್ತವೆ. ಅದಕ್ಕೆ ಮುಂಚೆ ಊಟ ಬಿಡುತ್ತವೆ, ಒಂದೇ ಕಡೆ ಮಂಕಾಗಿ ಕೂರುತ್ತವೆ. ಹೊಟ್ಟೆಯ ಮೇಲೆ ರೋಮ ಉದುರಿದ ಜಾಗವಿದ್ದರೆ ಅದು ಕಪ್ಪಾಗಿ ಹೊಳೆಯತೊಡಗುತ್ತದೆ. ಆಮೇಲೆ ನೂಲಿನ ಒಂದು ಚಾಪೆ ನೇಯ್ದು, ಅದರ ಮೇಲೆ ಅಂಗಾತ ಮಲಗುತ್ತವೆ. ಮೊದಲು ಬೆನ್ನಿನ ಮುಚ್ಚಳ ತೆರೆದುಕೊಳ್ಳುತ್ತದೆ, ನಂತರ ಎಂಟು ಕಾಲುಗಳನ್ನೂ ಒಂದೊಂದೇ ಕಾಲುಚೀಲದಿಂದ ಎಳೆದಂತೆ ಎಳೆದುಕೊಳ್ಳುತ್ತವೆ. ಕೋರೆಹಲ್ಲು ಕೂಡ ಹೊಸದು ಬರುತ್ತದೆ: ಮೊದಲ ದಿನ ಬಿಳುಪು, ಆಮೇಲೆ ಕೆಂಪು, ಕೊನೆಗೆ ಕಪ್ಪು. ಇಡೀ ಕೆಲಸಕ್ಕೆ ಕೆಲವು ಗಂಟೆಗಳು ಬೇಕು. ಆ ಹೊತ್ತಿನಲ್ಲಿ ಅದು ಮೆತ್ತಗೆ, ನಿರಾಯುಧ. ತಿನ್ನಲೆಂದು ಹಾಕಿ ಡಬ್ಬಿಯಲ್ಲಿ ಉಳಿದ ಒಂದು ಚಿಮ್ಮಂಡೆಯೇ ಅದನ್ನು ಕಡಿದು ಕೊಂದುಬಿಡಬಹುದು.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳತೊಡಗಿದೆ. ‘ಒಮ್ಮೊಮ್ಮೆ ಅದು ಊಟ ಬಿಟ್ಟು ಅಲುಗಾಡದೆ ಕೂರುತ್ತದಮ್ಮ’ ಎನ್ನುವುದರೊಳಗೆ ಆ ಕಡೆಯಿಂದ ಬಂತು: ‘ಜ್ವರಕ್ಕೆ ಕೂರುತ್ತದೆ ಅನ್ನು. ಎಷ್ಟನೇ ಜ್ವರ?’

ರೇಷ್ಮೆ ಸೀಮೆಯವರಲ್ಲದವರಿಗೆ ಒಂದು ಮಾತು. ನಮ್ಮ ಕಡೆ ರೇಷ್ಮೆಹುಳು ಚರ್ಮ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಹುಳು ಮೊಟ್ಟೆಯಿಂದ ಗೂಡಿನವರೆಗೆ ನಾಲ್ಕು ಜ್ವರ ದಾಟಬೇಕು. ಎರಡನೇ ಜ್ವರ ದಾಟುವವರೆಗಿನದು ಚಾಕಿ. ಹುಳುವಿನ ವಯಸ್ಸನ್ನು ದಿನದಲ್ಲಿ ಹೇಳುವುದಕ್ಕಿಂತ ಜ್ವರದಲ್ಲಿ ಹೇಳುವುದೇ ವಾಡಿಕೆ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಕಲ್ಲಿನಂತೆ ನಿಂತರೆ ‘ಜ್ವರಕ್ಕೆ ಕುಳಿತಿದೆ’. ಮತ್ತೆ ಮಿಸುಕಾಡಿದರೆ ‘ಜ್ವರದಿಂದ ಎದ್ದಿದೆ’. ಅಮ್ಮ ಮೂವತ್ತು ವರ್ಷ ಈ ಮಾತನ್ನು ಆಡಿದವಳು. ಜ್ವರದ ಹೊತ್ತಿನಲ್ಲಿ ಹುಳುಮನೆಯಲ್ಲಿ ಜೋರಾಗಿ ನಡೆದರೂ ನಮಗೆ ಬೈಗುಳ ಬೀಳುತ್ತಿತ್ತು.

ನನಗೆ ರೋಮಾಂಚನವಾಯಿತು. ಸಿದ್ಧವಾದ, ಚಲಾವಣೆಯಲ್ಲಿರುವ, ಕೆಲಸದಲ್ಲಿ ಸವೆದ ಪದ! ಪಠ್ಯಪುಸ್ತಕದ ಧಾಟಿಯ ‘ನಿರ್ಮೋಚನ’ ಯಾರಿಗೆ ಬೇಕು? ಅಮ್ಮನಿಗೆ ಅದು ಹರಕೆ ತೀರಿಸುವ ವಿಷಯವೆಂದೇ ಅನಿಸೀತು. ಅದೂ ಅಲ್ಲದೆ ಜ್ವರ ಎಂಬ ಒಂದು ಪದದಲ್ಲಿ ಅರ್ಧ ಚೀಟಿ ಮುಗಿಯಿತು: ತಿನ್ನಲು ಹಾಕಬೇಡ, ಮುಟ್ಟಬೇಡ, ಗಾಬರಿಯಾಗಬೇಡ, ತಾನಾಗಿ ಏಳುತ್ತದೆ. ಇಷ್ಟನ್ನೂ ಅವಳಿಗೆ ನಾನು ಹೇಳಿಕೊಡಬೇಕಿಲ್ಲ.

ಆ ಸಂತೋಷ ಒಂದು ರಾತ್ರಿಯೂ ಉಳಿಯಲಿಲ್ಲ. ಚೀಟಿಯ ಕರಡು ನೋಡಿದ ಹೆಂಡತಿ (ಅವಳು ಶಿವಮೊಗ್ಗದವಳು) ‘ಜೇಡಕ್ಕೆ ಜ್ವರ ಬಂದರೆ ಯಾವ ಡಾಕ್ಟರು?’ ಎಂದು ಗಂಭೀರವಾಗಿಯೇ ಕೇಳಿದಳು. ಅದು ಹೋಗಲಿ, ವಿವರಿಸಬಹುದು. ನನ್ನನ್ನು ಎಚ್ಚರಿಸಿದ್ದು ಸುಣ್ಣ. ರೇಷ್ಮೆಹುಳು ಜ್ವರಕ್ಕೆ ಕುಳಿತಾಗ ಹಾಸಿಗೆ ಒಣಗಿರಬೇಕೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಅಮ್ಮನ ಕೈ ಸುಣ್ಣದ ಡಬ್ಬಿಗೆ ತಾನಾಗಿ ಹೋಗುತ್ತದೆ. ಜೇಡಕ್ಕೆ ಬೇಕಾದದ್ದು ತದ್ವಿರುದ್ಧ: ನೀರಿನ ಬಟ್ಟಲು ತುಂಬಿರಬೇಕು, ಮೈ ಒಣಗಬಾರದು, ಪುಡಿಗಿಡಿ ಹತ್ತಿರ ಸುಳಿಯಬಾರದು. ಪದವನ್ನು ಕರೆದರೆ ಅದು ಒಂಟಿಯಾಗಿ ಬರುವುದಿಲ್ಲ, ಸುಣ್ಣದ ಡಬ್ಬಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬರುತ್ತದೆ.

ಹಾಗಾದರೆ ‘ಪೊರೆ’? ಹಾವಿನಿಂದಾಗಿ ಎಲ್ಲರಿಗೂ ಗೊತ್ತಿರುವ ಪದ, ರೋಗದ ಶಂಕೆಯಿಲ್ಲ. ಪೊರೆ ಬಿಡುವುದು, ಪೊರೆ ಕಳಚುವುದು ಎರಡೂ ನಡೆಯುತ್ತವೆ. ಮುನ್ನಿನ ಸ್ಥಿತಿಗೂ ಮಾತಿದೆ: ‘ಪೊರೆ ಬಂದ ಹಾವು’ ಎನ್ನುತ್ತೇವೆ. ಅದೇ ಜಾಡಿನಲ್ಲಿ ಊಟ ಬಿಟ್ಟ ಜೇಡಕ್ಕೆ ‘ಪೊರೆ ಬಂದಿದೆ’ ಎನ್ನಬಹುದು. ಕಳಚಿದ್ದನ್ನೂ ಪೊರೆ ಎಂದೇ ಕರೆಯಬಹುದು. ಅದನ್ನು ಅಮ್ಮ ಗುಡಿಸಿ ಎಸೆಯದಂತೆ ಬರೆಯಬೇಕು, ಏಕೆಂದರೆ ಜೇಡ ಹೆಣ್ಣೋ ಗಂಡೋ ಎಂಬುದನ್ನು ಆ ಪೊರೆಯ ಒಳಭಾಗ ನೋಡಿ ಹೇಳುತ್ತಾರೆ. ಆದರೆ ಇಲ್ಲಿಯೂ ಒಂದು ಮುಳ್ಳು. ಹೋದ ವರ್ಷ ಅಮ್ಮ ಚಿಂತಾಮಣಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಅವಳ ಲೆಕ್ಕದಲ್ಲಿ ಪೊರೆ ಬಂದರೆ ಯಾರಾದರೂ ತೆಗೆಯಬೇಕು. ಜೇಡದ ಪೊರೆಯನ್ನು ಯಾರಾದರೂ ‘ಸಹಾಯಕ್ಕೆ’ ಎಂದು ಎಳೆದರೆ ಕಾಲು ಕಿತ್ತುಬಂದೀತು. ಹಾಗಾಗಿ ‘ಬಿಡುತ್ತದೆ’ ಎಂದು ಜೇಡವನ್ನೇ ಕರ್ತೃವಾಗಿಸಿ ಬರೆಯುವುದು ಕ್ಷೇಮ, ‘ಪೊರೆ ತೆಗೆ’ ಎಂಬ ಜೋಡಿಯನ್ನು ದೂರವಿಡಬೇಕು. ಪೊರೆ ಎಂಬ ಇನ್ನೊಂದು ಪದಕ್ಕೆ ಕಾಪಾಡು, ಸಲಹು ಎಂಬ ಅರ್ಥವಿದೆಯಲ್ಲ, ‘ಪೊರೆಯೋ’ ಎಂದು ದೇವರನ್ನು ಕೇಳುವ ಪೊರೆ. ನನ್ನಂಥ ಹೆದರುಪುಕ್ಕಲ ಸಾಕುವವನಿಗೆ ಅದೂ ಹತ್ತಿರದ್ದೇ ಅನ್ನಿಸಿತು. ಎರಡೂ ಒಂದೇ ಬೇರಿನವೆಂದು ವಾದಿಸುತ್ತಿಲ್ಲ, ಯಾರೂ ಮೇಲೆ ಬೀಳಬೇಡಿ.

ಕ್ರಿಯಾಪದದ ಮಾತು ಬಂತಾದ್ದರಿಂದ ಇನ್ನೊಂದು. ಚೀಟಿಯ ಅತಿ ಮುಖ್ಯ ವಾಕ್ಯ ಇದು: ಜೇಡ ಅಂಗಾತ ಇದ್ದರೆ ಸತ್ತಿಲ್ಲ. ನಮ್ಮ ಕಣ್ಣಿಗೆ ಇದು ಒಪ್ಪದ ಮಾತು. ಜಿರಳೆ ಅಂಗಾತ ಬಿದ್ದರೆ ಕಥೆ ಮುಗಿದಂತೆ, ಪೊರಕೆಯೇ ಗತಿ. ಟಾರಂಟುಲಾದಲ್ಲಿ ಭಯಪಡಬೇಕಾದದ್ದು ಮಗುಚಿಕೊಳ್ಳದೆ, ನೆಟ್ಟಗಿದ್ದಂತೆಯೇ ಕಾಲುಗಳೆಲ್ಲ ಹೊಟ್ಟೆಯಡಿಗೆ ಮುದುಡಿಕೊಂಡಾಗ. ಕಾರಣ ಸ್ವಾರಸ್ಯವಾಗಿದೆ. ಕಾಲು ಮಡಿಸಲು ಅದಕ್ಕೆ ಸ್ನಾಯುಗಳಿವೆ, ಆದರೆ ಮುಖ್ಯ ಕೀಲುಗಳನ್ನು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ನೀರಿಲ್ಲದೆ ಸೊರಗಿದರೆ ಅಥವಾ ಪ್ರಾಣ ಹೋಗುತ್ತಿದ್ದರೆ ಒತ್ತಡ ಇಳಿಯುತ್ತದೆ, ಕಾಲುಗಳು ಒಳಕ್ಕೆ ಸುರುಟಿಕೊಳ್ಳುತ್ತವೆ. ಆದ್ದರಿಂದ ‘ಅಂಗಾತ ಬಿದ್ದಿದೆ’ ಎಂದು ಬರೆದರೆ ಅಮ್ಮ ಪೊರಕೆ ತರುತ್ತಾಳೆ, ‘ಅಂಗಾತ ಮಲಗಿದೆ’ ಎಂದರೆ ಸದ್ದು ಮಾಡದೆ ಆಚೆ ಹೋಗುತ್ತಾಳೆ. ಅಪಾಯಕ್ಕೆ ‘ಮುದುಡಿದೆ’ ಸಾಕೇ, ‘ಸುರುಟಿಕೊಂಡಿದೆ’ ಎನ್ನಬೇಕೇ? ಚಳಿಗೆ ಮನುಷ್ಯರೂ ಮುದುಡುತ್ತಾರೆ. ಇಂಗ್ಲೆಂಡಿನ ನವೆಂಬರಿನಲ್ಲಿ ಅಮ್ಮ ಜೇಡಕ್ಕೆ ಶಾಲು ಹೊದಿಸಿಯಾಳು ಎಂಬ ಹೆದರಿಕೆ ನನಗೆ.

ಮೂರನೆಯದು ರೋಮ. ಅಮೆರಿಕದ ಈ ಜಾತಿಗಳು ರೇಗಿದರೆ ಹಿಂಗಾಲಿನಿಂದ ಹೊಟ್ಟೆಯನ್ನು ಕೆರೆದು ಸಣ್ಣ ರೋಮಗಳನ್ನು ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಗುಲಿದರೆ ತುರಿಕೆ, ಕಣ್ಣಿಗೆ ಹೋದರೆ ನಿಜವಾದ ತೊಂದರೆ. ‘ತುರಿಕೆ ರೋಮ’ ಎಂದು ಬರೆದಿದ್ದೆ, ನಿರ್ಜೀವವಾಗಿತ್ತು. ಅಮ್ಮ ‘ನಸುಗುನ್ನಿಯ ಸುಂಕು ಇದ್ದ ಹಾಗೆ’ ಎಂದಳು. ಕಣದಲ್ಲಿ ಜೋಳ ಬಡಿಯುವಾಗ ಮೈಗೆ ಹತ್ತುವ ಸುಂಕು ನಿಮಗೂ ಗೊತ್ತಿರಬಹುದು. ಇದನ್ನು ನಾನು ಕಣ್ಣು ಮುಚ್ಚಿ ತೆಗೆದುಕೊಂಡೆ: ‘ಸುಂಕು ಹಾರಿಸುತ್ತದೆ, ಮುಖ ಹತ್ತಿರ ಒಯ್ಯಬೇಡ.’ ಪಟ್ಟಣದ ಓದುಗರಿಗೆ ಸುಂಕು ಎಂದರೆ ತೆರಿಗೆಯ ಸುಂಕವೇ ನೆನಪಾದೀತು, ಆದರೆ ಚೀಟಿಯ ಓದುಗಳು ಒಬ್ಬಳೇ.

ಸುಂಕಿನ ನೆಪದಲ್ಲಿ ಮಲೆನಾಡಿನವರಿಗೆ ಒಂದು ಪ್ರಶ್ನೆ. ನಮ್ಮ ನಾಡಿನಲ್ಲೂ ಟಾರಂಟುಲಾಗಳಿವೆ. ಮರದ ಪೊಟರೆಗಳಲ್ಲಿ ವಾಸಿಸುವ ಪೊಯಿಸಿಲೊಥೀರಿಯಾ ಕುಲದ ಒಂದು ಜಾತಿಗೆ ಇಂಗ್ಲಿಷಿನವರು ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಅವುಗಳಿಗೆ ಸುಂಕಿಲ್ಲ, ಬದಲಿಗೆ ಓಟ ಜೋರು, ಕಚ್ಚಿದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. 2019ರಿಂದ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ, ಹಿಡಿದು ಸಾಕುವ ಯೋಚನೆ ಯಾರೂ ಮಾಡಬಾರದು. ಆದರೆ ಅವುಗಳ ಜೊತೆಯಲ್ಲೇ ಬಾಳುವ ತೋಟದವರು ಅವನ್ನು ಏನೆಂದು ಕರೆಯುತ್ತಾರೆ? ‘ಜೇಡ’ ಎಂದಷ್ಟೇಯೋ, ಬೇರೆ ಹೆಸರಿದೆಯೋ?

ಉಳಿದವು ಸಣ್ಣವು. ಪೆಟ್ಟಿಗೆಯಲ್ಲಿ ಹರಡುವ ತೆಂಗಿನ ನಾರಿನ ಪುಡಿಗೆ ‘ಹಾಸಿಗೆ’ ಎಂದು ಬರೆದಿದ್ದೇನೆ. ಅದೂ ಹುಳುಮನೆಯ ಪದವೇ, ಅಲ್ಲಿ ಹಾಸಿಗೆಯನ್ನು ಮತ್ತೆ ಮತ್ತೆ ತೆಗೆದು ಶುಚಿಮಾಡುತ್ತಾರೆ, ಇಲ್ಲಿ ಕದಡಬಾರದು, ಆದ್ದರಿಂದ ಪಕ್ಕದಲ್ಲಿ ‘ಬದಲಿಸಬೇಡ’ ಎಂದು ಸೇರಿಸಿದೆ. ಅಡಗಲು ಅರ್ಧ ತೆಂಗಿನ ಚಿಪ್ಪು ಇಟ್ಟಿದ್ದೇನೆ. ಪೆಟ್ಟಿಗೆ ಹೆಚ್ಚು ಎತ್ತರವಿಲ್ಲ, ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆಯುತ್ತದೆ. ಬಾಯಿಯ ಪಕ್ಕದ ಆ ಎರಡು ಕುಡಿಗಳನ್ನು ಅಮ್ಮ ಕಾಲೆಂದೇ ಎಣಿಸಿ ಹತ್ತು ಎನ್ನುತ್ತಾಳೆ. ‘ಮುಂಗೈ’ ಎಂದುಬಿಡಲೇ?

ಸದ್ಯ ಚೀಟಿಯ ಮೇಲ್ಭಾಗ ಹೀಗಿದೆ:

‘ಅಮ್ಮ, ಹುಳು ಊಟ ಬಿಟ್ಟು ಕುಳಿತರೆ ಪೊರೆ ಬಂದಿದೆ ಎಂದು ತಿಳಿ. ನಿನ್ನ ರೇಷ್ಮೆಹುಳುವಿನ ಜ್ವರದಂತೆ, ಆದರೆ ಸುಣ್ಣ ಬೇಡ. ಅಂಗಾತ ಮಲಗಿದ್ದರೆ ಪೊರೆ ಬಿಡುತ್ತಿದೆ, ಸತ್ತಿಲ್ಲ. ಮುಚ್ಚಳ ತೆಗೆಯಬೇಡ, ಊದಬೇಡ. ಎದ್ದ ಮೇಲೂ ಹತ್ತು ದಿನ ತಿನ್ನಲು ಏನೂ ಇಲ್ಲ, ಕೋರೆ ಕಪ್ಪಾಗಲಿ. ಕಾಲುಗಳನ್ನು ಹೊಟ್ಟೆಯಡಿಗೆ ಮುದುಡಿಕೊಂಡು ಕುಳಿತಿದ್ದರೆ ನನಗೆ ಫೋನ್ ಮಾಡು.’

ಎರಡು ಪದಗಳನ್ನೂ ಒಟ್ಟಿಗೆ ಇಟ್ಟದ್ದು ಹೇಡಿತನವೋ ಜಾಣತನವೋ ನೀವೇ ಹೇಳಿ. ರಾಮನಗರ, ಕೊಳ್ಳೇಗಾಲದ ಕಡೆಯವರು ಯಾರಾದರೂ ಇದ್ದರೆ, ರೇಷ್ಮೆಹುಳುವನ್ನು ಬಿಟ್ಟು ಬೇರೆ ಯಾವ ಜೀವಿಗಾದರೂ ‘ಜ್ವರ’ ಎಂದು ಬಳಸಿದ್ದನ್ನು ಕೇಳಿದ್ದೀರಾ? ಏಡಿ ಚಿಪ್ಪು ಕಳಚುವುದಕ್ಕೆ ಕರಾವಳಿಯಲ್ಲಿ ಏನೆನ್ನುತ್ತಾರೆ? ಅದೂ ಇದೇ ಬಗೆಯ ಕವಚ, ಬೆಸ್ತರ ಬಾಯಲ್ಲಿ ಒಂದು ಪದ ಇದ್ದೇ ಇರಬೇಕು.

ಕರಡನ್ನು ಫೋನಿನಲ್ಲಿ ಓದಿ ಹೇಳಿದಾಗ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ‘ಗೂಡು ಯಾವಾಗ ಕಟ್ಟುತ್ತದೆ?’ ಎಂದಳು. ಕಟ್ಟುವುದಿಲ್ಲ ಎಂದೆ. ‘ಮತ್ತೆ ಯಾಕೆ ಸಾಕುವುದು?’ ಎಂದಳು. ಫೋನನ್ನು ಮಗಳ ಕೈಗೆ ಕೊಟ್ಟೆ.

ಮರಿ ಬರುವುದು ಮುಂದಿನ ಶನಿವಾರ. ಅಷ್ಟರೊಳಗೆ ಉತ್ತರ ಸಿಕ್ಕರೆ ಚೀಟಿ ತಿದ್ದಿ ಅಂಟಿಸುತ್ತೇನೆ.