ಮಗಳ ಪ್ರಶ್ನೆಗೆ ಏನು ಹೇಳಲಿ?

ಶಾರ್ಲಟ್ ಅಮ್ಮ: ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಎಂಟನೇ ಕ್ಲಾಸಿನ ಮಗಳು 'ದಿ ಹೆಲ್ಪ್' ಕಾದಂಬರಿ ಓದುತ್ತಿದ್ದಾಳೆ. ಕಥೆ ನಡೆಯುವುದು 1960ರ ದಶಕದಲ್ಲಿ, ಇಲ್ಲಿನ ಮಿಸಿಸಿಪಿ ರಾಜ್ಯದ ಜಾಕ್ಸನ್ ಊರಲ್ಲಿ. ಬಿಳಿಯರ ಕೂಸನ್ನು ಎತ್ತಿ ಆಡಿಸುವ ಕಪ್ಪು ಹೆಂಗಸಿಗೆ ಆ ಮನೆಯ ಟಾಯ್ಲೆಟ್ ಮಾತ್ರ ಕೂಡದು. ನಿನ್ನೆ ಪುಸ್ತಕ ಮುಚ್ಚಿ ಕೇಳಿದಳು, "ಅಜ್ಜಿ ಮನೇಲಿ ಕೆಲಸದಮ್ಮನ ಲೋಟ ಹಿತ್ತಿಲ ಕಟ್ಟೆ ಮೇಲೇ ಯಾಕಿರುತ್ತೆ?" ನಾನು ಸುಮ್ನೆ ಕುಕ್ಕರ್ ಕಡೆ ತಿರುಗಿದೆ. ಬೇಸಿಗೆಗೆ ಊರಿಗೆ ಹೊರಟಿದ್ದೇವೆ. ಏನು ಹೇಳಲಿ?

ಹಾಸನದಕ್ಕ: ಮೊದಲು ಕನ್ನಡ ಶಾಲೆಗೆ ಹಾಕಿ. ನನ್ನ ಮಗ ಬಸವಣ್ಣನವರ ಹತ್ತು ವಚನ ಗಡಗಡ ಹೇಳುತ್ತಾನೆ.

ಸಿಯಾಟಲ್ ಸೊಸೆ: ಲೋಟದ ಪ್ರಶ್ನೆಗೆ ಉತ್ತರ ಆ ವಚನಗಳಲ್ಲೇ ಇದೆಯಲ್ಲ ಅಕ್ಕಾ.

ಪುಸ್ತಕದ ಹುಳ: ಇದೊಂದಕ್ಕೇ ನಿಲ್ಲಿಸಬೇಡಿ. ಬರೆದದ್ದು ಬಿಳಿಯ ಲೇಖಕಿ, 2009ರಲ್ಲಿ. 2011ರಲ್ಲಿ ಸಿನಿಮಾ ಬಂದಾಗ ಕಪ್ಪು ಇತಿಹಾಸಕಾರ್ತಿಯರ ಸಂಘವೇ ಆಕ್ಷೇಪ ಎತ್ತಿತ್ತು. ಜೊತೆಗೆ ಮಿಸಿಸಿಪಿಯ ಕಪ್ಪು ಹೋರಾಟಗಾರ್ತಿ ಆನ್ ಮೂಡಿ ಅವರ 1968ರ ಆತ್ಮಕಥೆ ಓದಿಸಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಬಿಳಿಯರ ಮನೆಕೆಲಸಕ್ಕೆ ಹೋದವರು. 1963ರಲ್ಲಿ ಜಾಕ್ಸನ್‌ನ ವೂಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಇದ್ದ ಊಟದ ಕೌಂಟರಿನಲ್ಲಿ ಕೂತಾಗ ಗುಂಪು ಅವರ ಮೇಲೆ ಕೆಚಪ್, ಸಾಸಿವೆ, ಸಕ್ಕರೆ ಸುರಿಯಿತು. ಕೆಲವು ಭಾಗ ಕಷ್ಟ, ಮೊದಲು ನೀವು ಓದಿ.

ಟೆಕ್ಸಾಸ್ ಅಂಕಲ್: ಎಲ್ಲಿಂದೆಲ್ಲಿಗೆ ಹೋಲಿಕೆ! ಅಲ್ಲಿ ಕಾನೂನೇ ಬೇರ್ಪಡಿಸಿತ್ತು. ನಮ್ಮದು ಮಡಿ, ಸ್ವಚ್ಛತೆ. ಕೆಲಸದವಳ ಮಗಳ ಮದುವೆಗೆ ನಮ್ಮಮ್ಮ ರೇಷ್ಮೆ ಸೀರೆ ಕೊಟ್ಟಿದ್ದಾರೆ. ಹೆತ್ತವರ ಬಗ್ಗೆ ನಾಚಿಕೆಪಡುವುದನ್ನು ಇಲ್ಲಿನ ಶಾಲೆಗಳು ಕಲಿಸುತ್ತಿವೆ. ಟೀಚರಿಗೆ ಈಗಲೇ ಮೇಲ್ ಹಾಕಿ.

ಸಿಯಾಟಲ್ ಸೊಸೆ: ಕಾದಂಬರಿಯ ಯಜಮಾನಿಯೂ ರೋಗ ಅಂಟುತ್ತದೆ ಅಂತಲೇ ಬೇರೆ ಟಾಯ್ಲೆಟ್ ಕಟ್ಟಿಸುವುದು ಅಂಕಲ್. ಇಲ್ಲಿನ 1935ರ ಸೋಷಿಯಲ್ ಸೆಕ್ಯುರಿಟಿ (ಮುಪ್ಪಿನ ಪಿಂಚಣಿ) ಕಾಯ್ದೆಯಲ್ಲಿ ಮನೆಕೆಲಸದವರಿಗೆ ಜಾಗವೇ ಇರಲಿಲ್ಲ. ನಿಮ್ಮಮ್ಮ ಪಿಎಫ್ ಕಟ್ಟಿದ್ದರಾ?

ಟೆಕ್ಸಾಸ್ ಅಂಕಲ್: 27 ವರ್ಷದಿಂದ ಇಲ್ಲಿದ್ದೇನೆ. ನನಗೆ ಪಾಠ ಬೇಡ.

ಹಾಸನದಕ್ಕ: ಅಂಕಲ್ ಹೇಳಿದ್ದು ನೂರಕ್ಕೆ ನೂರು ನಿಜ. ಬೇರು ಗಟ್ಟಿಯಿರಬೇಕು.

ಎಡಿಸನ್ ನಿವಾಸಿ: ಪಿಎಫ್ ಬಿಡಿ. ನನ್ನನ್ನು ಮಲಗಿಸುತ್ತಿದ್ದದ್ದು ಕೆಲಸದಾಕೆಯೇ. ಸೆರಗಿನಲ್ಲಿ ಎಲೆಅಡಿಕೆ ವಾಸನೆ. ಅವರ ಊರು ಯಾವುದು ಅಂತ ಒಂದು ದಿನವೂ ಕೇಳಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಗ್ಯಾಸ್ ಸಿಲಿಂಡರ್ ಮಾತಿನ ನಡುವೆ ಹೇಳಿದರು.

ಟೆಕ್ಸಾಸ್ ಅಂಕಲ್: ಅದೇ ನೋಡಿ ಪ್ರೀತಿ! ಇಲ್ಲಿ ಡಿಶ್‌ವಾಶರ್‌ಗೆ ಅದೆಲ್ಲ ಗೊತ್ತಾ?

ಹೊಸ ಸದಸ್ಯ: ಬೇಸಿಗೆಗೆ ಬೆಂಗಳೂರಿಗೆ ಟಿಕೆಟ್ ಎಷ್ಟಾಯಿತು ಮೇಡಂ?

ಶಾರ್ಲಟ್ ಅಮ್ಮ: ಆನ್ ಮೂಡಿ ಪುಸ್ತಕ ಲೈಬ್ರರಿಯಲ್ಲಿ ಸಿಕ್ಕಿತು, ಥ್ಯಾಂಕ್ಸ್. ಅಷ್ಟರಲ್ಲಿ ವಿಡಿಯೋ ಕಾಲ್‌ನಲ್ಲಿ ಮಗಳು ಅಜ್ಜಿಯನ್ನೇ ಕೇಳಿಬಿಟ್ಟಳು. ಅಜ್ಜಿ "ಸಿಗ್ನಲ್ ಸರಿಯಿಲ್ಲ ಪುಟ್ಟಿ" ಅಂದು ಕಟ್ ಮಾಡಿದರು.