ಅಜ್ಜಿ ಮನೆ ಸಂತರು, ನೀಲಿ ಪುಡಿ, ಮಲ್ಲಿಗೆ... ದಿನಾ ಬೇಕಾಗೋ ಸ್ಫೂರ್ತಿ ನಿಮಗೆಲ್ಲ ಎಲ್ಲಿಂದ ಸಿಗುತ್ತೆ?

ಅಬ್ಬಲಿಗೆ_ಬೆಂಗ್ಳೂರು:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದು ಅನ್ನಿಸಬಹುದು, ಆದ್ರೂ ಕೇಳೇಬಿಡ್ತೀನಿ. ನಾನು ಮೂಲತಃ ಬಂಟ್ವಾಳದ ಕಡೆ ಕ್ಯಾಥೊಲಿಕ್ ಮನೆಯವಳು, ಈಗ ಹದಿನೈದು ವರ್ಷದಿಂದ ಬೆಂಗಳೂರಲ್ಲಿ, ಐಟಿ ಕೆಲಸ, ಎರಡು ರೂಮಿನ ಫ್ಲಾಟು, ಬಾಲ್ಕನಿಯಲ್ಲಿ ನಿಂತ್ರೆ ಎದುರು ಬಿಲ್ಡಿಂಗಿನ ಎಸಿ ಡಬ್ಬ ಕಾಣುತ್ತೆ ಅಷ್ಟೇ. ಫೋನಲ್ಲಿ ಸ್ಫೂರ್ತಿ ಅಂತ ಒಂದು ಫೋಲ್ಡರ್ ಮಾಡಿದೀನಿ, ಅದರಲ್ಲಿ ನಾಲ್ಕು ಸಾವಿರ ಚಿತ್ರ ಆಗಿದೆ, ಇಟಲಿ ಚರ್ಚುಗಳು, ಲಿನನ್ ಸೀರೆ, ಮಳೆಗೆ ನೆನೆದ ಜರೀಗಿಡ, ಸಂತರ ಹಳೇ ಪೇಂಟಿಂಗು, ಯಾರದೋ ಮನೆ ಕಿಟಕಿ. ಸೇವ್ ಮಾಡೋವಾಗ ಅರೆಕ್ಷಣ ಖುಷಿ, ಆಮೇಲೆ ಒಂದನ್ನೂ ತೆಗೆದು ನೋಡಿಲ್ಲ.

ನಮ್ಮಜ್ಜಿ, ವೊಡ್ಲಿಮಾಂಯ್ ಅಂತೀವಿ ನಾವು, ಅವರ ಆಲ್ತಾರಲ್ಲಿ, ಅಂದ್ರೆ ಮನೆಯ ಪ್ರಾರ್ಥನೆ ಪೀಠದಲ್ಲಿ, ಇದ್ದದ್ದು ನಾಲ್ಕೇ ಪಟ. ಫ್ರೇಮಿಗೆ ಗೆದ್ದಲು ಹಿಡಿದಿತ್ತು. ಆದ್ರೆ ಅವರಿಗೆ ಜೂನ್ 13 ಅಂದ್ರೆ ಸಾಂತ್ ಅಂತೊನ್ ಹಬ್ಬ, ಮಳೆ ಹಿಡೀತು, ಕೊಡೆ ರಿಪೇರಿ ಮಾಡಿಸ್ಬೇಕು. ಕಪಾಟಿನ ಬೀಗದಕೈ ಕಳೆದ್ರೆ ಅದೇ ಅಂತೊನ್‌ಗೆ ಪಟದ ಮುಂದೆ ನಿಂತು ಬೈಗಳು, ಸಿಕ್ಕಿದ ಮೇಲೆ ಒಂದು ಮೇಣದಬತ್ತಿ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸ ಇತ್ತು ಅವರಿಗೆ. ನನಗೆ ಸೋಮವಾರ, ಸೋಮವಾರ, ಸೋಮವಾರ, ಶನಿವಾರ, ಹೀಗಿದೆ. ಕಲೆ, ಗಿಡ, ಬಟ್ಟೆ, ಸಂತರು ಇದೆಲ್ಲ ನಂಗೆ ನಿಜವಾಗ್ಲೂ ಇಷ್ಟ, ಸುಳ್ಳಲ್ಲ, ಆದ್ರೆ ಅದು ಫೋನಲ್ಲೇ ಉಳಿದಿದೆ, ದಿನದೊಳಗೆ ಬರ್ತಿಲ್ಲ. ನೀವೆಲ್ಲ ಹೇಗೆ ಮಾಡ್ತೀರಾ? ಬೆಳಿಗ್ಗೆ ಐದಕ್ಕೆದ್ದು ಜರ್ನಲ್ ಬರೀರಿ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ.

ಲೈಟ್‌ಹೌಸ್‌ಹಿಲ್:
ಎಂತ ಮಾರಾಯ್ರೆ, ಬಂಟ್ವಾಳದವರಾಗಿ ಇಟಲಿ ಚರ್ಚಿನ ಫೋಟೊ ಸೇವ್ ಮಾಡ್ತಾ ಕೂತಿದ್ದೀರಾ, ಇಟಲಿಯವರು ಬಂದು ಬರೆದದ್ದು ಮಂಗಳೂರಲ್ಲೇ ಉಂಟಲ್ಲ! ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕೊನೆ ಸಲ ಹೋದದ್ದು ಯಾವಾಗ ಹೇಳಿ. ಅಂತೋನಿಯೊ ಮೊಸ್ಕೇನಿ ಅಂತ, ಬೆರ್ಗಮೊ ಊರಿನ ಹತ್ತಿರದವರು, 1854ರಲ್ಲಿ ಹುಟ್ಟಿದ್ದು, ಪಾದ್ರಿ ಕೂಡ ಅಲ್ಲ, ಜೆಸ್ವಿಟ್ ಅಂತ ಕ್ರೈಸ್ತ ಸನ್ಯಾಸಿಗಳ ಸಂಘ ಉಂಟಲ್ಲ, ಅದರ ಬ್ರದರ್. 1899ರಿಂದ 1901ರ ಒಳಗೆ ಆ ಗೋಡೆ, ಮಾಡು ಅಂದ್ರೆ ಸೀಲಿಂಗು ಎಲ್ಲ ಬರೆದು ಮುಗಿಸಿದ್ರು, ಗೋಡೆಯಲ್ಲಿ ಫ್ರೆಸ್ಕೊ, ಅಂದ್ರೆ ಹಸಿ ಗಾರೆಯ ಮೇಲೆ ಬರೆಯುವ ಚಿತ್ರ, ಮೇಲೆ ಮಾಡಿನಲ್ಲಿ ಕ್ಯಾನ್ವಾಸಿಗೆ ಎಣ್ಣೆ ಬಣ್ಣ. ನಮ್ಮ ಸೆಕೆ ಗೊತ್ತುಂಟಲ್ಲ, ಎಪ್ರಿಲಲ್ಲಿ ಫ್ಯಾನಿನ ಅಡಿಯಲ್ಲಿ ಕೂತ್ರೂ ಅಂಗಿ ಒದ್ದೆ, ಆ ಮನುಷ್ಯ ಆ ಸೆಕೆಯಲ್ಲೇ ನಿಂತು ಬರೀತಿದ್ದದ್ದು. 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದ್ರು, ಊರಿಗೆ ವಾಪಾಸು ಹೋಗ್ಲೇ ಇಲ್ಲ.

ನಾನು ಅಲ್ಲಿ ಐದು ವರ್ಷ ಓದಿದ್ದು. ಸತ್ಯ ಹೇಳ್ಬೇಕಂದ್ರೆ ಪೂಜೆ ಹೊತ್ತಿಗೆ ಬೋರಾಗಿ ಮೇಲೆ ನೋಡ್ತಿದ್ದೆ, ಭಕ್ತಿ ಗಿಕ್ತಿ ಎಂತ ಇಲ್ಲ. ಮೇಲಿನ ಸಾಲಲ್ಲಿ ದೇವದೂತರು ಹೂಮಾಲೆ ಹಿಡ್ಕೊಂಡಿದ್ದಾರೆ ಅಂತ ಕಂಡದ್ದೇ ಮೂರನೇ ವರ್ಷದಲ್ಲಿ. ಈಗ್ಲೂ ಆ ದಾರಿಯಲ್ಲಿ ಹೋಗುವಾಗ ಹತ್ತು ನಿಮಿಷ ಒಳಗೆ ಹೋಗ್ತೇನೆ, ಒಂದು ಚಿತ್ರ ಮಾತ್ರ ನೋಡೋದು, ಒಂದೇ, ಬೇರೆ ಕಡೆ ಕಣ್ಣು ಹಾಕೋದಿಲ್ಲ, ಎದ್ದು ಬರೋದು. ಹತ್ತು ವರ್ಷ ಆಯ್ತು, ಇನ್ನೂ ಮುಗಿದಿಲ್ಲ.

ಸುಮ್ನೆ_ಓದೋನು:
ಬೇಜಾರ್ ಮಾಡ್ಕೋಬೇಡಿ ಮೇಡಂ, ಈ ಸ್ಫೂರ್ತಿ ಅನ್ನೋ ಪದಾನೇ ನಂಗೆ ಆಗಲ್ಲ. ಸಂತರನ್ನ ಸೋಫಾ ಕವರ್ ಥರ ಮನೆಗೆ ಮ್ಯಾಚ್ ಆಗುತ್ತಾ ಅಂತ ನೋಡೋ ಕಾಲ ಬಂದಿದೆ. ಮೇಲೆ ಹೇಳಿದ್ರಲ್ಲ, ಆ ಚಾಪೆಲ್ ಮಾಡಿನ ತುಂಬ ಯಾರ ಕಥೆ ಇರೋದು? ಅಲೋಶಿಯಸ್ ಗೊನ್ಜಾಗಾ. ದೊಡ್ಡ ಜಹಗೀರು ಮನೆತನದ ಹಿರೀಮಗ, ಅದನ್ನ ತಮ್ಮನಿಗೆ ಬಿಟ್ಕೊಟ್ಟು ಹೋದ, ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳನ್ನ ನೋಡ್ಕೊಂಡು ಅದೇ ತಗುಲಿ 1591ರಲ್ಲಿ ಸತ್ತ, 23 ವರ್ಷ. ಅದನ್ನ ನೋಡಿ ನಾವು ವಾವ್ ಎಂಥ ಕಲರ್ ಪ್ಯಾಲೆಟ್ ಅಂತೀವಿ.

ನಾನು ಹಿಂದೂ, ಓದಿದ್ದು ಸಿಸ್ಟರ್‌ಗಳ ಸ್ಕೂಲಲ್ಲಿ. ಅಲ್ಲಿ ಲಿಟಲ್ ಫ್ಲವರ್ ತೆರೇಸಾ ಕಥೆ ಹೇಳ್ತಿದ್ರು, ಮದರ್ ತೆರೇಸಾ ಅಲ್ಲ, ಫ್ರಾನ್ಸಿನ ಲಿಸಿಯೂ ಊರಿನ ಹುಡುಗಿ, 1897ರಲ್ಲಿ ಕ್ಷಯ ಬಂದು 24ಕ್ಕೆ ಹೋದಳು. ಗುಲಾಬಿ ಹಿಡ್ಕೊಂಡಿರೋ ಪಟ ಎಲ್ರೂ ನೋಡಿರ್ತೀರ. ನಂಗೆ ನೆನಪಿರೋದು ಗುಲಾಬಿ ಅಲ್ಲ. ಸಂಜೆ ಧ್ಯಾನದ ಹೊತ್ತಲ್ಲಿ ಹಿಂದೆ ಕೂತ ಇನ್ನೊಬ್ಬ ಸನ್ಯಾಸಿನಿ ಏನೋ ಕಟಕಟ ಸದ್ದು ಮಾಡ್ತಿದ್ದಳಂತೆ, ದಿನಾ. ತಿರುಗಿ ದುರುಗುಟ್ಟಿ ನೋಡ್ಬೇಕು ಅಂತ ಜೀವ ಹೋಗ್ತಿತ್ತು, ತಡ್ಕೊಂಡು ತಡ್ಕೊಂಡು ಬೆವರಿ ಹೋಗ್ತಿದ್ದಳು, ಕೊನೆಗೆ ಅದನ್ನ ಕೇಳಿಸ್ಕೊಳ್ದೆ ಇರೋ ಪ್ರಯತ್ನ ಬಿಟ್ಟು ಕಛೇರಿ ಕೇಳೋ ಥರ ಗಮನ ಇಟ್ಟು ಕೇಳೋಕೆ ಶುರು ಮಾಡಿದ್ಳು. ಇನ್ನೊಂದಿನ ಬಟ್ಟೆ ಒಗೆಯೋವಾಗ ಎದುರಿನವಳು ಮುಖಕ್ಕೆ ಕೊಳಕು ನೀರು ಹಾರಿಸ್ತಿದ್ರೆ ಒರೆಸ್ಕೊಳ್ಳದೇ ನಿಂತಳಂತೆ. ಪ್ರಾರ್ಥನೇಲಿ ಕೂತ್ರೆ ನಿದ್ದೆ ಬರುತ್ತೆ ಅಂತ ತಾನೇ ಬರ್ಕೊಂಡಿದಾಳೆ, ಪುಣ್ಯಾತ್ಗಿತ್ತಿ. ಇದು ಯಾವ ಫೋಲ್ಡರಿಗೆ ಸೇವ್ ಆಗುತ್ತೆ ಹೇಳಿ? ನಮ್ಮ ಆಫೀಸಲ್ಲಿ ಪಕ್ಕದವನು ದಿನವಿಡೀ ಪೆನ್ನು ಟಿಕ್ ಟಿಕ್ ಅನ್ನಿಸ್ತಾನೆ, ಅವನ ಹತ್ರ ಕೂತಾಗೆಲ್ಲ ಈ ಹುಡುಗಿ ನೆನಪಾಗ್ತಾಳೆ. ನಂಗಿನ್ನೂ ಅದು ಸಂಗೀತ ಆಗಿ ಕೇಳಿಲ್ಲ, ಅದು ಬೇರೆ ವಿಷ್ಯ.

ಡ್ರಾಯಿಂಗ್_ಮಾಸ್ತರ_ಧಾರವಾಡ:
ಸುಮ್ನೆ ಓದೋರು ಸುಮ್ನೆ ಓದಂಗಿಲ್ಲ ಬಿಡ್ರಿ, ಚಲೋ ಬರದೀರಿ. ಆದ್ರ ಬಣ್ಣ ನೋಡಿ ಖುಷಿ ಪಡೋದು ತಪ್ಪು ಅನ್ನೋದನ್ನ ನಾ ಒಪ್ಪಂಗಿಲ್ಲ. ಮೊಸ್ಕೇನಿ ಕೂಡ ಬಣ್ಣದಾಗ ಬರದಾನ, ಮಾತಿನಾಗ ಅಲ್ಲ.

ಅಬ್ಬಲಿಗೆ ಅವರಿಗೆ ಎರಡು ವಿಷಯ ಹೇಳ್ತೇನ್ರಿ. ಒಂದು, ಖರೇ ಫ್ರೆಸ್ಕೊ ಮಾಡೋವಾಗ ಹಸೀ ಸುಣ್ಣದ ಗಿಲಾವಿನ ಮ್ಯಾಲೆ ಬಣ್ಣ ಹಚ್ಚಬೇಕು, ಗಿಲಾವು ಆರಿತು ಅಂದ್ರ ಮುಗೀತು, ಬಣ್ಣ ಗ್ವಾಡಿ ಹಿಡಿಯಂಗಿಲ್ಲ. ಅದಕ್ಕ ಇವತ್ತು ಎಷ್ಟು ಬರೀಲಿಕ್ಕೆ ಆಗ್ತದೋ ಅಷ್ಟಕ್ಕs ಗಿಲಾವು ಹಚ್ತಾರ. ಆ ತುಂಡಿಗೆ ಇಟಲಿ ಭಾಷಾದಾಗ ಜೊರ್ನಾತಾ ಅಂತಾರ, ಒಂದು ದಿನದ ಕೆಲಸ ಅಂತ ಅರ್ಥ. ಹಳೇ ಗ್ವಾಡಿಗೋಳನ್ನ ಬಾಜೂದಿಂದ ಬೆಳಕು ಬಿಟ್ಟು ನೋಡಿದ್ರ ಎಲ್ಲಿ ಆ ದಿನ ಮುಗದದ, ಎಲ್ಲಿ ಮರುದಿನ ಚಾಲೂ ಆಗೇದ ಅನ್ನೋ ಗೆರಿ ಕಾಣ್ತದ. ಮಾರಿ ಬರೆಯೋ ದಿನ ತುಂಡು ಸಣ್ಣದು, ಆಕಾಶ ಬರೆಯೋ ದಿನ ದೊಡ್ಡದು. ನಾ ಹುಡುಗರಿಗೆ ಕಲಸುವಾಗ ಇದನ್ನ ಹೇಳ್ತಿರ್ತೇನಿ.

ಎರಡನೇದು ನಿಮ್ಮ ನಾಕು ಸಾವಿರ ಚಿತ್ರದ ಬಗ್ಗೆ. ಫ್ಲಾರೆನ್ಸಿನಾಗ ಸಾನ್ ಮಾರ್ಕೊ ಅಂತ ಒಂದು ಮಠ ಅದ. 1440ರ ಆಜೂಬಾಜೂ ಫ್ರಾ ಆಂಜೆಲಿಕೊ ಅಂತ ಅಲ್ಲಿಯವನs ಒಬ್ಬ ಸನ್ಯಾಸಿ, ತನ್ನ ಕೈಕೆಳಗಿನವರನ್ನ ಕಟ್ಟಿಕೊಂಡು, ಒಬ್ಬೊಬ್ಬರ ಕೋಣಿಗೆ ಒಂದೊಂದು ಚಿತ್ರ ಬರದಾನ. ಸಣ್ಣ ಕೋಣಿ, ಒಂದು ಕಿಡಕಿ, ಒಂದು ಚಿತ್ರ. ಬೆಳಗಾದ್ರ ಅದs, ಸಂಜಿ ಆದ್ರ ಅದs. 1982ರಾಗ ಪೋಪ್ ಅವನಿಗೆ ಧನ್ಯ ಪದವಿ, ಅಂದ್ರ ಸಂತ ಪದವಿಗಿಂತ ಒಂದು ಮೆಟ್ಟಲಾ ಕೆಳಗಿಂದು, ಕೊಟ್ರು, ಈಗ ಕಲಾವಿದರಿಗೆಲ್ಲ ಅವನs ಪಾಲಕ. ನಿಮ್ಮ ಅಜ್ಜಿಗೆ ನಾಕು ಪಟ ಇದ್ವಲ್ಲ, ಅವರು ಶ್ರೀಮಂತರೇ ಬಿಡ್ರಿ.

ನಿಸರ್ಗ ಅಂದ್ರಿ, ಇಟಲಿಯ ಸಂತ ಅಸ್ಸಿಸಿಯ ಫ್ರಾನ್ಸಿಸ್ ನೆನಪಾದ. ಹಕ್ಕಿ ಜೋಡಿ ಮಾತಾಡೋ ಚಿತ್ರ ಎಲ್ಲಾರೂ ನೋಡಿರ್ತಾರ, ಪ್ಯಾಟ್ಯಾಗ ಗಾರ್ಡನ್ನಿಗೆ ಇಡೋ ಮೂರ್ತಿನೂ ಸಿಗ್ತದ. ಆದ್ರ 1225ರಾಗ ಆ ಸೂರ್ಯನ ಸ್ತುತಿ ಕಟ್ಟಿದಾಗ ಅವನ ಕಣ್ಣು ಹೆಚ್ಚೂಕಮ್ಮಿ ಹೋಗಿದ್ವು, ಬೆಳಕು ಬಿದ್ರ ಉರಿ, ಕತ್ತಲಿ ಗುಡಿಸಲದಾಗ ಮಲಗಿದ್ದ, ಮ್ಯಾಲೆ ಇಲಿ ಕಾಟ. ಅಂಥಾದ್ರಾಗ ಸೂರ್ಯ ಅಣ್ಣ, ಚಂದ್ರ ಅಕ್ಕ, ನೀರು ತಂಗಿ, ಬೆಂಕಿ ತಮ್ಮ ಅಂತ ಹಾಡಿದ. ಅದೂ ಲ್ಯಾಟಿನ್‌ನಾಗ ಅಲ್ರಿ, ಊರ ಮಂದಿ ಮಾತಿನಾಗ. ನಮ್ಮ ಶರಣರು ಸಂಸ್ಕೃತ ಬಿಟ್ಟು ಕನ್ನಡದಾಗ ವಚನ ಹೇಳಿದ್ದು ಅದಕ್ಕಿಂತ ಮೊದಲ, ಆದ್ರೂ ನನಗ ಎರಡೂ ಒಂದs ಊರಿನ ಸುದ್ದಿ ಅನಸ್ತದ. ನಾ ಮುಂಜಾನೆ ಬಾವಿಕಟ್ಟಿಗೆ ಹೋದಾಗ ನೀರಿಗೆ ತಂಗಿ ಅಂತೇನಿ. ಮನ್ಯಾಗ ನಗ್ತಾರ.

ನೂಲು_ನೀಲಿ:
ಬಟ್ಟೆ ವಿಷಯಕ್ಕೆ ಯಾರೂ ಬರ್ಲಿಲ್ಲ, ನಾನು ಬರ್ತೀನಿ. ಟೆಕ್ಸ್‌ಟೈಲ್ ಡಿಸೈನ್ ನನ್ನ ಕೆಲಸ. ಮೇರಿ ಮಾತೆಯ ಮೇಲುಹೊದಿಕೆ ಹಳೇ ಪೇಂಟಿಂಗ್‌ಗಳಲ್ಲಿ ಯಾಕೆ ಯಾವಾಗ್ಲೂ ನೀಲಿ ಅಂತ ಯೋಚ್ನೆ ಮಾಡಿದೀರಾ? ಬೇರೆ ಕಾರಣಾನೂ ಇದೆ, ಆದ್ರೆ ಒಂದು ಶುದ್ಧ ದುಡ್ಡಿನ ವಿಷ್ಯ. ಆ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲನ್ನ ಅರೆದು ತೆಗೀಬೇಕಿತ್ತು, ಕಲ್ಲು ಬರ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟದಿಂದ. ಸಮುದ್ರದಾಚೆಯದು ಅಂತಾನೇ ಅಲ್ಟ್ರಾಮರೀನ್ ಅನ್ನೋ ಹೆಸರು. ಬೆಲೆ ಚಿನ್ನದ ಜೊತೆ ಪೈಪೋಟಿ. ಹಾಗಾಗಿ ಅತಿ ದುಬಾರಿ ಬಣ್ಣ ಅಮ್ಮನಿಗೇ ಮೀಸಲು. ಆಮೇಲೆ 1820ರ ದಶಕದಲ್ಲಿ ಫ್ರಾನ್ಸಲ್ಲಿ ಅದನ್ನ ಫ್ಯಾಕ್ಟರೀಲಿ ಮಾಡೋದು ಕಂಡುಹಿಡಿದ್ರು, ಸಸ್ತಾ ಆಗೋಯ್ತು, ಎಷ್ಟು ಸಸ್ತಾ ಅಂದ್ರೆ ನಮ್ಮಮ್ಮ ಬಿಳೀ ಪಂಚೆಗೆ, ಸ್ಕೂಲ್ ಯೂನಿಫಾರ್ಮಿಗೆ ಹಾಕ್ತಿದ್ರಲ್ಲ ರಾಬಿನ್ ಬ್ಲೂ ಪುಡಿ, ಅದೇ ಅಲ್ಟ್ರಾಮರೀನ್! ಉಜಾಲಾ ಅಲ್ಲ, ಅದು ಬೇರೆ ಡೈ, ನಾನು ಹೇಳ್ತಿರೋದು ಹಳೇ ಪುಡಿ. ಇದು ಗೊತ್ತಾದ ದಿನ ನಾನು ಬಚ್ಚಲುಮನೇಲಿ ಬಕೆಟ್ ಮುಂದೆ ಕೂತು ನೀರಲ್ಲಿ ಆ ನೀಲಿ ಕದಡೋದನ್ನ ಐದು ನಿಮಿಷ ನೋಡ್ತಾ ಇದ್ದೆ, ಗಂಡ ಬಂದು ಏನಾಯ್ತೇ ಅಂದ್ರು.

ನೀವು ಬೆಂಗ್ಳೂರಲ್ಲೇ ಇದೀರ, ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಹೋಗಿ. ಅಲ್ಲಿ ಅಮ್ಮನಿಗೆ ಸೀರೆ ಉಡಿಸ್ತಾರೆ, ಬಣ್ಣ ಬದಲಾಗ್ತಾ ಇರುತ್ತೆ. ಹೋಗೋ ಮುಂಚೆ ಇವತ್ತು ಯಾವ ಬಣ್ಣ ಇರುತ್ತೆ ಅಂತ ನಾನೇ ಮನಸ್ಸಲ್ಲಿ ಬೆಟ್ ಕಟ್ಕೋತೀನಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋದ್ರೆ ರಸ್ತೆ ತುಂಬ ಕಾವಿ ಬಟ್ಟೆ ಉಟ್ಟ ಜನ, ಯಾವ ಧರ್ಮದವರು ಅಂತ ಹೇಳೋಕಾಗಲ್ಲ. ಅಂದಹಾಗೆ ನಿಮ್ಮಜ್ಜಿಯ ಕಿರ್ಗಿ ಬಾಜು, ಆ ಹಳೇ ಕಾಲದ ಉಡುಪು, ಯಾರ ಹತ್ರ ಇದೆ? ಇದ್ರೆ ಟ್ರಂಕಲ್ಲಿ ಇಡ್ಬೇಡಿ, ಮಡಿಕೆ ಮೇಲೇ ಬಟ್ಟೆ ಸೀಳುತ್ತೆ.

ಶಂಕರಪುರದ_ಸೊಸೆ:
ನಾನು ಓದಿದವಳಲ್ಲ, ಮಲ್ಲಿಗೆ ಕೆಲಸದವಳು. ನಮ್ಮ ಊರಲ್ಲಿ ಕ್ರಿಶ್ಚನ್ನರು, ಬೇರೆಯವರು ಅಂತ ಇಲ್ಲ, ಸುಮಾರು ಮನೆಯಲ್ಲಿ ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಇರುವಾಗಲೇ ಕೊಯ್ಯಬೇಕು, ಬಿಸಿಲು ಬಂದ್ರೆ ಆಗ್ಲಿಲ್ಲ, ಆಮೇಲೆ ಬಾಳೆ ನಾರಲ್ಲಿ ಕಟ್ಟೋದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬೇರೆ, ಮದುವೆ ಸೀಸನ್ನಲ್ಲಿ ಒಂದು, ಮಳೆಯಲ್ಲಿ ಒಂದು. ಸ್ಫೂರ್ತಿ ಬರ್ಲಿ ಅಂತ ಕಾದ್ರೆ ಹೂ ಅರಳಿ ಹೋಗ್ತದೆ ಅಕ್ಕ. ಕಟ್ಟುವಾಗ ಅತ್ತೆ ತೇರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ, ಹೇಳ್ತಾರೆ, ಒಂದು ಜಪಮಾಲೆಗೆ ಎಷ್ಟು ಹೂ ಆಗ್ತದೆ ಅಂತ ಅವರಿಗೆ ಕೈಲೇ ಲೆಕ್ಕ.

ನಿಮಗೆ ನೆನಪಿರಬೇಕಲ್ಲ, ಮೊಂತಿ ಹಬ್ಬಕ್ಕೆ, ಅಂದ್ರೆ ಮೇರಿ ಮಾತೆ ಹುಟ್ಟಿದ ಹಬ್ಬಕ್ಕೆ, ಮುಂಚೆ ಒಂಬತ್ತು ದಿನ ಮಕ್ಕಳೆಲ್ಲ ತಟ್ಟೆಯಲ್ಲಿ ಹೂ ತಗೊಂಡು ಇಗರ್ಜಿಗೆ ಹೋಗೋದು, ಬಾಲೆ ಮರಿಯಮ್ಮನಿಗೆ ಹಾಕೋದು. ಹಬ್ಬ ಸೆಪ್ಟೆಂಬರ್ 8, ಆಗಸ್ಟ್ 30ಕ್ಕೆ ಶುರು. ಮಲ್ಲಿಗೆ ಯಾರೂ ತರ್ತಿರ್ಲಿಲ್ಲ, ಅದು ಮಾರುವ ಹೂ. ಕೇಪುಳ, ದಾಸವಾಳ, ಜೀನಿಯಾ, ಬೇಲಿ ಬದಿಯ ಹೆಸರಿಲ್ಲದ ಹೂ, ಪಕ್ಕದ ಮನೆಯ ಕಂಪೌಂಡಿಂದ ಕದ್ದದ್ದು. ಒಂಬತ್ತು ದಿನಕ್ಕೂ ಹೂ ಬೇಕಲ್ಲ, ನಾಲ್ಕನೇ ದಿನಕ್ಕೆ ಅಂಗಳ ಖಾಲಿ, ಆಮೇಲೆ ಹುಡುಕ್ಲಿಕ್ಕೆ ಗದ್ದೆ ಬದಿಗೆ ಹೋಗ್ಬೇಕು. ಊರಲ್ಲಿ ಎಲ್ಲೆಲ್ಲಿ ಯಾವ ಹೂ ಉಂಟು ಅಂತ ನನಗೆ ಗೊತ್ತಾದದ್ದೇ ಹಾಗೆ.

ಅಬ್ಬಲಿಗೆ_ಬೆಂಗ್ಳೂರು:
ಅಯ್ಯೋ, ನೀವು ಆ ಕದ್ದ ಹೂ ಅಂದ ತಕ್ಷಣ ನಾನು ಆಫೀಸ್ ಕ್ಯಾಬಲ್ಲಿ ಕೂತು ಒಬ್ಬಳೇ ನಕ್ಕೆ. ನಮ್ಮ ಪಕ್ಕದ ಮನೆಯ ಶೆಟ್ರು ಬೇಕಂತಲೇ ಗೇಟಿನ ಹೊರಗೆ ದಾಸವಾಳ ನೆಟ್ಟಿದ್ರು ಅಂತ ಎಷ್ಟೋ ವರ್ಷ ಆದ್ಮೇಲೆ ಅಮ್ಮ ಹೇಳಿದ್ದು. ಅವರ ಮನೆ ಹೊಸ ಅಕ್ಕಿ ಊಟಾನೂ ಅದೇ ಸುಮಾರಿಗೆ, ನಮ್ಮನೆ ನೊವೆಂ, ಅಂದ್ರೆ ನಮ್ಮ ಹೊಸ ಅಕ್ಕಿ ಊಟ ಕೂಡ. ಅವತ್ತು ನಮ್ಮಲ್ಲಿ ಮೀನು ಮಾಂಸ ಇಲ್ಲ, ತರಕಾರಿ ಪಲ್ಯ ಬೆಸ ಸಂಖ್ಯೇಲಿ ಆಗ್ಬೇಕು, ಐದೋ ಏಳೋ ಒಂಬತ್ತೋ, ಅಜ್ಜಿ ಎಂಟಕ್ಕೆ ಬಂದು ನಿಂತ್ರೆ ಹಿತ್ತಲಿಗೆ ಓಡಿ ಏನಾದ್ರೂ ಕಿತ್ಕೊಂಡು ಬರ್ತಿದ್ರು. ಆಶೀರ್ವಾದ ಆದ ಭತ್ತದ ತೆನೆ ಮುಂದಿನ ವರ್ಷದವರೆಗೂ ಆಲ್ತಾರಲ್ಲೇ ಇರ್ತಿತ್ತು.

ಮಾಸ್ತರ ಮಾತು ಕೇಳಿ ಫೋಲ್ಡರ್ ಡಿಲೀಟ್ ಮಾಡೋಕೆ ಹೋದೆ, ಧೈರ್ಯ ಬರ್ಲಿಲ್ಲ, ಲ್ಯಾಪ್‌ಟಾಪಿಗೆ ಹಾಕಿ ಫೋನಿಂದ ತೆಗೆದೆ. ಒಂದೇ ಒಂದು ಚಿತ್ರ ಪ್ರಿಂಟ್ ಹಾಕ್ಸಿ ಅಡುಗೆಮನೇಲಿ ಫಿಲ್ಟರ್ ಪಕ್ಕ ಅಂಟಿಸಿದೀನಿ, ಫ್ರಾ ಆಂಜೆಲಿಕೊ ಬರೆದ ಮಂಗಳವಾರ್ತೆ, ದೇವದೂತ ಬಂದು ಮೇರಿಗೆ ಸುದ್ದಿ ಹೇಳೋದು. ಐದು ದಿನ ಆಯ್ತು. ಮೊದಲ ಮೂರು ದಿನ ಏನೂ ಅನ್ನಿಸ್ಲಿಲ್ಲ ನಿಜವಾಗ್ಲೂ, ನಾಲ್ಕನೇ ದಿನ ಹಾಲು ಉಕ್ಕೋದನ್ನ ಕಾಯ್ತಾ ನಿಂತಾಗ ಮೇರಿ ಕೂತಿರೋದು ಸಿಂಹಾಸನ ಅಲ್ಲ, ಬರೀ ಮೂರು ಕಾಲಿನ ಸ್ಟೂಲು ಥರದ್ದು ಅಂತ ಕಂಡಿತು. ಹಾಲು ಉಕ್ಕೋಯ್ತು.

ಸುಮ್ನೆ ಓದೋನು ಅವರೇ, ನೀವು ಬೈದಿದ್ದು ಸರಿಯಾಗೇ ತಾಗಿದೆ. ನನ್ನ ಟೀಮಲ್ಲಿ ಮೀಟಿಂಗಿನುದ್ದಕ್ಕೂ ಚಿಪ್ಸ್ ತಿನ್ನೋರೊಬ್ರಿದಾರೆ. ಪ್ರಯತ್ನ ನಡೀತಿದೆ.

ಕಿರ್ಗಿ ಬಾಜು ದೊಡ್ಡಮ್ಮನ ಹತ್ರ ಇದೆಯಂತೆ, ಟ್ರಂಕಲ್ಲೇ. ಈ ಸಲ ಹಬ್ಬಕ್ಕೆ ಊರಿಗೆ ಹೋಗ್ತೀನಿ, ಆಗ ತರ್ತೀನಿ. ಬೆಂಗ್ಳೂರಲ್ಲಿ ಒಂಬತ್ತು ದಿನ ಹೂ ಎಲ್ಲಿಂದ ತರೋದು, ಮಗಳಿಗೆ ಒಂದು ಸಲನಾದ್ರೂ ಮಾಡಿಸ್ಬೇಕು ಅಂತ ಆಸೆ. ನಮ್ಮ ಅಪಾರ್ಟ್‌ಮೆಂಟ್ ಲಾನಲ್ಲಿ ಹೂ ಕಿತ್ರೆ ದಂಡ ಹಾಕ್ತಾರೆ.

ಲೈಟ್‌ಹೌಸ್‌ಹಿಲ್:
ದಂಡ ಎಷ್ಟು ಕೇಳಿ ನೋಡಿ, ಒಂಬತ್ತು ದಿನದ್ದು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಸಿಗ್ತದಾ ಅಂತ.

ಶಂಕರಪುರದ_ಸೊಸೆ:
ಪೇಟೆಯಿಂದ ಮಾತ್ರ ತರ್ಬೇಡಿ ಅಕ್ಕ. ಕುಂಡದಲ್ಲಿ ಜೀನಿಯಾ ಬೀಜ ಹಾಕಿ, ಎರಡು ತಿಂಗಳಲ್ಲಿ ಹೂ ಬರ್ತದೆ, ಈ ವರ್ಷಕ್ಕೆ ಸಿಗ್ಲಿಕ್ಕಿಲ್ಲ, ಮುಂದಿನ ವರ್ಷ ಜೂನಲ್ಲೇ ಹಾಕಿ. ಈ ಸಲ ಊರಿಗೆ ಬರುವಾಗ ಎರಡು ದಿನ ಮೊದಲೇ ಬನ್ನಿ, ಮಗಳಿಗೆ ಗದ್ದೆ ಬದಿ ತೋರಿಸಿ. ತಟ್ಟೆ ಮನೆಯಿಂದಲೇ ತನ್ನಿ, ಇಲ್ಲಿ ಎಲ್ಲರ ಹತ್ರ ಸ್ಟೀಲ್ ತಟ್ಟೆ ಒಂದೇ ತರ, ಬದಲಾಗಿ ಹೋಗ್ತದೆ.