ಮ್ಯಾಟ್ರಿಜೆಲ್ ಬಿಟ್ಟು ಕರುಳಿನ ಆರ್ಗನಾಯ್ಡ್ ಬೆಳೆಸಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ಪಿಎಚ್‌ಡಿ ಮಾಡ್ತಿದ್ದೇನೆ, ಮಾನವ ಕಾಂಡಕೋಶಗಳಿಂದ ಕರುಳಿನ ಆರ್ಗನಾಯ್ಡ್ (ಅಂಗವನ್ನು ಹೋಲುವ ಪುಟ್ಟ ಕೋಶರಚನೆ) ಬೆಳೆಸುವ ಕೆಲಸ. ಕೋಶಗಳನ್ನು ಹುದುಗಿಸಿಡುವ ಮ್ಯಾಟ್ರಿಜೆಲ್ ಅನ್ನೋ ಜೆಲ್ ದುಬಾರಿ, ಜೊತೆಗೆ ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗಲೆಲ್ಲ ಫಲಿತಾಂಶವೇ ಬೇರೆ. ಬದಲಿಗೆ ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಜೆಲ್ ಬಳಸು ಅಂತಾರೆ. ಅದರಲ್ಲಿ ಕೋಶ ಅಂಟಿಕೊಳ್ಳೋಕೆ ಏನೂ ಇಲ್ಲವಲ್ಲ?

ಉತ್ತರ: ಮೊದಲು ಇದನ್ನು ಹೇಳಿ: ಐಪಿಎಸ್ ಕೋಶಗಳಾ (ಸಾಮಾನ್ಯ ಕೋಶಗಳನ್ನು ಮರುರೂಪಿಸಿ ಮಾಡಿದ ಕಾಂಡಕೋಶ), ಕರುಳಿನ ಬಯಾಪ್ಸಿಯಿಂದ ತೆಗೆದ ಕೋಶಗಳಾ?

ಪ್ರಶ್ನೆ: ಐಪಿಎಸ್, ಮೇಡಂ.

ಉತ್ತರ: ಹಾಗಾದರೆ ಧೈರ್ಯವಾಗಿ ಪ್ರಯತ್ನಿಸಿ. ಐಪಿಎಸ್‌ನಿಂದ ಬರುವ ಸ್ಫೆರಾಯ್ಡ್‌ನಲ್ಲಿ (ಕೋಶಗಳ ಪುಟ್ಟ ಉಂಡೆ) ಕರುಳಿನ ಒಳಪದರದ ಜೊತೆ ಮೆಸೆಂಕೈಮ್, ಅಂದರೆ ಸುತ್ತಲಿನ ಆಧಾರ ಅಂಗಾಂಶದ, ಕೋಶಗಳೂ ಇರುತ್ತವೆ. ಬೇಕಾದ ಆಧಾರವನ್ನು ಅವೇ ಕಟ್ಟಿಕೊಳ್ಳುತ್ತವೆ, ಜೆಲ್ ಬರೀ ಹಿಡಿದಿಟ್ಟರೆ ಸಾಕು. 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಆಲ್ಜಿನೇಟ್‌ನಲ್ಲಿ ಇವನ್ನು ಬೆಳೆಸಿ ತೋರಿಸಿತು. ಬಯಾಪ್ಸಿ ಕೋಶಗಳಾಗಿದ್ದರೆ ನಾನು ಬೇಡ ಅಂತಿದ್ದೆ. ಅಲ್ಲಿ ಮೆಸೆಂಕೈಮ್ ಇಲ್ಲ, ಕೋಶ ಅಂಟಿಕೊಳ್ಳಲು ಲ್ಯಾಮಿನಿನ್‌ನಂಥ ಪ್ರೋಟೀನನ್ನು ನಾವೇ ಕೊಡಬೇಕು.

ಲಾಟ್ ವಿಷಯದಲ್ಲಿ ನಿಮ್ಮ ಕೈಯಲ್ಲಿ ತಪ್ಪು ಹುಡುಕಬೇಡಿ. ಮ್ಯಾಟ್ರಿಜೆಲ್ ಇಲಿಯ ಸಾರ್ಕೋಮಾ ಗಡ್ಡೆಯಿಂದ ತೆಗೆದದ್ದು. ಲ್ಯಾಮಿನಿನ್, ನಾಲ್ಕನೇ ಬಗೆಯ ಕೊಲಾಜೆನ್ ಜೊತೆಗೆ ನೂರಾರು ಬೇರೆ ಪ್ರೋಟೀನ್‌ಗಳೂ ಬೆಳವಣಿಗೆ ಅಂಶಗಳೂ ಅದರಲ್ಲಿವೆ. ಪ್ರತಿ ಲಾಟ್ ಒಂದೇ ಥರ ಬರೋದು ಹೇಗೆ?

ಆಲ್ಜಿನೇಟ್ ಗಟ್ಟಿಯಾಗುವುದು ಕ್ಯಾಲ್ಸಿಯಂನಿಂದ. ಶೇ 1ರಿಂದ 2ರ ದ್ರಾವಣದಲ್ಲಿ ಶುರುಮಾಡಿ. ಅದರ ಹನಿಯನ್ನು ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಗಟ್ಟಿ ಮಾಡಿ, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ತೆಗೆದು ಮೀಡಿಯಂ (ಕೋಶಗಳ ಪೋಷಕ ದ್ರವ) ಹಾಕಿ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ) ಹೆಚ್ಚು ಹೊತ್ತು ಬಿಟ್ಟರೆ ಫಾಸ್ಫೇಟ್ ಕ್ಯಾಲ್ಸಿಯಂ ಹಿಡಿದು ಹನಿ ಮೆತ್ತಗಾಗಿ ಒಡೆಯುತ್ತದೆ. ಆರ್ಗನಾಯ್ಡ್ ಹೊರತೆಗೆಯುವಾಗ ಇದೇ ಗುಣ ನಿಮಗೆ ಅನುಕೂಲ, ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ಹಾಕಿದರೆ ಜೆಲ್ ಕರಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಇಲಿಯ ಕರುಳಿನ ಕಾಂಡಕೋಶ. ನಮಗೇನು ದಾರಿ?

ಉತ್ತರ: ಪ್ರಯೋಗಾಲಯದಲ್ಲಿ ಕೃತಕವಾಗಿ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್ ನೋಡಿ ಸರ್. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಲುಟಾಲ್ಫ್ ತಂಡ 2016ರಲ್ಲಿ ತೋರಿಸಿದ್ದು ನನಗೆ ತುಂಬ ಮುಖ್ಯ ಅನಿಸುತ್ತದೆ: ಕಾಂಡಕೋಶ ಹೆಚ್ಚಬೇಕಾದರೆ ಜೆಲ್ ಗಟ್ಟಿಯಿರಬೇಕು, ಮೊಗ್ಗೊಡೆದು ಆರ್ಗನಾಯ್ಡ್ ಆಗಬೇಕಾದರೆ ಮೆತ್ತಗಾಗಬೇಕು. ಕೋಶ ಅಂಟಲು ಆರ್‌ಜಿಡಿ ಎಂಬ ಪುಟ್ಟ ಪೆಪ್ಟೈಡ್, ಆಮೇಲೆ ಲ್ಯಾಮಿನಿನ್ ಸೇರಿಸಿದ್ದರು. ಮ್ಯಾಟ್ರಿಜೆಲ್‌ನಲ್ಲಿ ಗಟ್ಟಿತನವನ್ನಷ್ಟೇ ಪ್ರತ್ಯೇಕವಾಗಿ ಬದಲಿಸಲು ಆಗದು. ಇದರಲ್ಲಿ ಆಗುತ್ತದೆ. ಆದರೆ ಜೆಲ್ ತಯಾರಿಗೆ ರಸಾಯನಶಾಸ್ತ್ರ ಬಲ್ಲವರೊಬ್ಬರು ಜೊತೆಗಿರಲಿ.

ಪ್ರಶ್ನೆ: ಮೇಡಂ, ಆಲ್ಜಿನೇಟ್ ಸರಿಹೋಯಿತು ಅಂತ ಯಾವಾಗ ನಂಬಬಹುದು?

ಉತ್ತರ: ಒಂದೇ ದಿನ ತೆಗೆದ ಸ್ಫೆರಾಯ್ಡ್‌ಗಳನ್ನು ಅರ್ಧ ಮ್ಯಾಟ್ರಿಜೆಲ್‌ಗೆ, ಅರ್ಧ ಆಲ್ಜಿನೇಟ್‌ಗೆ ಹಾಕಿ. ಗಾತ್ರ ನೋಡಿ ನಿರ್ಧರಿಸಬೇಡಿ. ಕರುಳಿನ ಕೋಶದ ಗುರುತಾದ ಸಿಡಿಎಕ್ಸ್2 ಜೊತೆಗೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳಿಗೆ ಮ್ಯೂಸಿನ್ 2 ಸ್ಟೇನ್ ಮಾಡಿ (ಬಣ್ಣ ಹಾಕಿ ಗುರುತಿಸಿ), ಎರಡರಲ್ಲೂ ಹೋಲಿಸಿ. ಬೇರೆ ಬೇರೆ ಬ್ಯಾಚ್ ಕೋಶಗಳಲ್ಲೂ ಹಾಗೇ ಬಂದರೆ ಮ್ಯಾಟ್ರಿಜೆಲ್ ಆರ್ಡರ್ ನಿಲ್ಲಿಸಿ.